ಬೆಳೆ ಕಸದಿಂದ ಬ್ಯಾಟರಿವರೆಗೆ: ಹಸಿರು ರಸಾಯನಶಾಸ್ತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟಿನಿಂದ ಬ್ಯಾಟರಿ, ಸಿಪ್ಪೆಯಿಂದ ಪ್ಲಾಸ್ಟಿಕ್, ಸಿಗಡಿ ಚಿಪ್ಪಿನಿಂದ ಬ್ಯಾಂಡೇಜ್. ಇಂಥ ಸುದ್ದಿಗಳು ಆಗಾಗ ಬರುತ್ತಲೇ ಇರುತ್ತವೆ. ಓದಿದವರಿಗೆ ಏಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ರಸಾಯನಶಾಸ್ತ್ರವನ್ನು ಶಾಲೆಯಲ್ಲೇ ಬಿಟ್ಟುಬಂದವರಿಗೂ ತಿಳಿಯಲಿ ಅಂತ ಇಲ್ಲಿ ಸೂತ್ರ, ಸಮೀಕರಣ ಯಾವುದನ್ನೂ ಹಾಕಿಲ್ಲ.

ಯಾವ ಯಾವ ಕಸ ಈ ಲೆಕ್ಕಕ್ಕೆ ಬರುತ್ತದೆ?

ಗಿಡ, ಪ್ರಾಣಿಗಳಿಂದ ಬಂದು, ಈಗ ಯಾರಿಗೂ ಬೇಡವಾದ ಎಲ್ಲವೂ. ಭತ್ತದ ಹೊಟ್ಟು, ಗೋಧಿ ಹುಲ್ಲು, ಜೋಳದ ದಂಟು, ಕಬ್ಬಿನ ಸಿಪ್ಪೆ, ತೆಂಗಿನ ಕರಟ, ಮರ ಕೊಯ್ದಾಗ ಉದುರುವ ಪುಡಿ, ರಸ ಹಿಂಡಿದ ಹಣ್ಣಿನ ಚರಟ, ಕಾಗದದ ಕಾರ್ಖಾನೆಯ ಕಪ್ಪು ದ್ರವ, ಸಿಗಡಿ ಮತ್ತು ಏಡಿಯ ಚಿಪ್ಪು.

ಆದರೆ 'ಬೇಡವಾದ' ಅನ್ನುವುದನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಹುಲ್ಲು ದನಗಳಿಗೆ ಮೇವಾಗಿರಬಹುದು. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಉರುವಲಾಗಿರಬಹುದು. ಅಲ್ಲಿಂದ ಎತ್ತಿದರೆ ಆ ಜಾಗಕ್ಕೆ ಬೇರೇನಾದರೂ ತರಲೇಬೇಕು.

ಅದರೊಳಗೆ ಅಂಥದ್ದೇನಿದೆ?

ಗಿಡದ ಒಣ ಕಸದಲ್ಲಿ ಮುಖ್ಯವಾಗಿ ಮೂರು ಸರಕು. ತೂಕದಲ್ಲಿ ಸೆಲ್ಯುಲೋಸ್ ಸುಮಾರು ಶೇ. 40–50, ಹೆಮಿಸೆಲ್ಯುಲೋಸ್ ಶೇ. 20–35, ಲಿಗ್ನಿನ್ ಶೇ. 15–30. ಗಿಡದಿಂದ ಗಿಡಕ್ಕೆ ಇದು ಬದಲಾಗುತ್ತದೆ.

ಸೆಲ್ಯುಲೋಸ್ ಗ್ಲೂಕೋಸಿನ ಉದ್ದನೆಯ ಸರಪಳಿ. ಇಂಥ ಸರಪಳಿಗಳು ಒತ್ತೊತ್ತಾಗಿ ಸಾಲುಗೂಡಿ ಗಟ್ಟಿ ನಾರಾಗುತ್ತವೆ. ಹೆಮಿಸೆಲ್ಯುಲೋಸ್ ಕೂಡ ಸಕ್ಕರೆಗಳ ಸರಪಳಿಯೇ, ಆದರೆ ಗಿಡ್ಡ, ಸಡಿಲ, ಕವಲು ಜಾಸ್ತಿ. ಲಿಗ್ನಿನ್ ಸಕ್ಕರೆಯೇ ಅಲ್ಲ. ಉಂಗುರದಂಥ ಅಣುಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಜಾಲ ಅದು. ಕಟ್ಟಡದ ಕಂಬದಲ್ಲಿ ಕಬ್ಬಿಣದ ಕಂಬಿ ಇರುವ ಜಾಗದಲ್ಲಿ ಸೆಲ್ಯುಲೋಸ್ ಇದೆ, ಕಾಂಕ್ರೀಟಿನ ಜಾಗದಲ್ಲಿ ಲಿಗ್ನಿನ್ ಇದೆ ಅಂದುಕೊಳ್ಳಿ.

ಮಳೆ, ಶಿಲೀಂಧ್ರ, ಹುಳ ಯಾವುದಕ್ಕೂ ಬಗ್ಗದ ಹಾಗೆ ಗಿಡ ಇದನ್ನು ಕಟ್ಟಿಕೊಂಡಿದೆ. ಹಾಗಾಗಿ ನಮಗೂ ಸುಲಭಕ್ಕೆ ಬಗ್ಗುವುದಿಲ್ಲ. ಈ ಕ್ಷೇತ್ರದ ಅರ್ಧ ಕೆಲಸ ಈ ಮೂರನ್ನು ಕೆಡಿಸದೆ ಬಿಡಿಸುವುದರಲ್ಲೇ ಹೋಗುತ್ತದೆ.

ಹಸಿರು ರಸಾಯನಶಾಸ್ತ್ರ ಅಂದರೆ ಏನು?

ವಿಷವನ್ನು ಮಾಡಿ ಆಮೇಲೆ ಶುದ್ಧ ಮಾಡುವ ಬದಲು, ವಿಷ ಹುಟ್ಟದ ಹಾಗೆ ಮೊದಲೇ ಯೋಚಿಸಿ ಕೆಲಸ ಮಾಡುವ ಪದ್ಧತಿ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಇದಕ್ಕೆ 12 ತತ್ವಗಳನ್ನು ಕೊಟ್ಟರು. ಮತ್ತೆ ಬೆಳೆಯುವ ಕಚ್ಚಾವಸ್ತು ಬಳಸುವುದು ಆ ಹನ್ನೆರಡರಲ್ಲಿ ಒಂದು. ಒಂದೇ ಒಂದು. ಉಳಿದ ಹನ್ನೊಂದು ತ್ಯಾಜ್ಯ, ದ್ರಾವಕ (ವಸ್ತುವನ್ನು ಕರಗಿಸುವ ದ್ರವ), ಶಕ್ತಿ, ಕೆಲಸಗಾರರ ಸುರಕ್ಷತೆ, ಕೊನೆಗೆ ವಸ್ತು ಕೊಳೆತು ಹೋಗುವ ಬಗೆ ಮುಂತಾದವನ್ನು ಕುರಿತವು. ಸುದ್ದಿಗಳು ಸಾಮಾನ್ಯವಾಗಿ ಆ ಒಂದನ್ನು ಹೇಳಿ ನಿಲ್ಲಿಸುತ್ತವೆ.

ಅಳೆಯಲು ಒಂದು ಸರಳ ಲೆಕ್ಕವೂ ಇದೆ. ಒಂದು ಕಿಲೋ ಸರಕು ಮಾಡಲು ಎಷ್ಟು ಕಿಲೋ ತ್ಯಾಜ್ಯ ಹುಟ್ಟಿತು? ರೋಜರ್ ಶೆಲ್ಡನ್ 1992ರಲ್ಲಿ ಪ್ರಕಟಿಸಿದ ಇದನ್ನು ಇ-ಫ್ಯಾಕ್ಟರ್ ಅನ್ನುತ್ತಾರೆ. ದೊಡ್ಡ ಪ್ರಮಾಣದಲ್ಲಿ ತಯಾರಾಗುವ ರಾಸಾಯನಿಕಗಳಲ್ಲಿ ಇದು 1ಕ್ಕಿಂತ ಕಡಿಮೆಯಿಂದ 5ರವರೆಗೆ. ಔಷಧ ತಯಾರಿಕೆಯಲ್ಲಿ 25ರಿಂದ 100ರವರೆಗೆ ಹೋಗುತ್ತದೆ. ಕಸದಿಂದ ಮಾಡಿದ ನ್ಯಾನೋವಸ್ತುಗಳಿಗೂ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಎಳೆಗಳ ವಸ್ತುಗಳಿಗೂ) ಈ ಲೆಕ್ಕ ಹಾಕಿ ನೋಡಬೇಕು. ಹಾಕುವವರು ಕಡಿಮೆ.

ಕಚ್ಚಾವಸ್ತುವೇ ಕಸ ಅಂದಮೇಲೆ ಸರಕು ಹಸಿರೇ ಅಲ್ವಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಸ್ಕೋಸ್ ಬಟ್ಟೆಯನ್ನು ನೋಡಿ. 1892ರಷ್ಟು ಹಳೆಯ ವಿಧಾನ ಅದು. ಕಚ್ಚಾವಸ್ತು ಮರದ ತಿರುಳು, ಅಪ್ಪಟ ಸೆಲ್ಯುಲೋಸ್. ಸಿಕ್ಕಿದ ಬಟ್ಟೆ ಮಣ್ಣಲ್ಲಿ ಕೊಳೆಯುತ್ತದೆ. ಎರಡು ತುದಿಯೂ ಹಸಿರು. ಆದರೆ ಮಧ್ಯದಲ್ಲಿ ಸೆಲ್ಯುಲೋಸನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಬೇಕು. ಅದು ನರಗಳನ್ನು ಹಾಳುಮಾಡುವ ವಿಷ. ಕಾರ್ಖಾನೆಗಳಲ್ಲಿ ಅದನ್ನು ಉಸಿರಾಡಿದವರು ತಲೆಮಾರುಗಟ್ಟಲೆ ಕಷ್ಟಪಟ್ಟಿದ್ದಾರೆ. ಅದೇ ತಿರುಳಿನಿಂದ ಲಯೊಸೆಲ್ ಎಂಬ ಇನ್ನೊಂದು ನಾರನ್ನೂ ಮಾಡುತ್ತಾರೆ. ಅಲ್ಲಿ ಬಳಸುವ ದ್ರಾವಕದ ಹೆಸರು ಎನ್‌ಎಂಎಂಒ. ಅದರಲ್ಲಿ ಶೇ. 99ಕ್ಕಿಂತ ಹೆಚ್ಚು ಪಾಲನ್ನು ಹಿಡಿದು ಮತ್ತೆ ಬಳಸುತ್ತಾರೆ. ಕಚ್ಚಾವಸ್ತು ಅದೇ, ಸರಕೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇರುವುದು ನಡುವಿನ ದಾರಿಯಲ್ಲಿ.

ಪ್ರಯೋಗಾಲಯದ ಉದಾಹರಣೆಯೂ ಇದೆ. ಕರಟದ ಇದ್ದಿಲಿನಲ್ಲಿ ಲೆಕ್ಕವಿಲ್ಲದಷ್ಟು ರಂಧ್ರ ಮೂಡಿಸಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ 700–800 ಡಿಗ್ರಿಗೆ ಕಾಯಿಸುತ್ತಾರೆ. ಇದ್ದಿಲಿನ ತೂಕದ ಎರಡರಿಂದ ನಾಲ್ಕು ಪಟ್ಟು ಕ್ಷಾರ ಹಾಕುವುದು ಮಾಮೂಲಿ. ಆಮೇಲೆ ಆಮ್ಲದಲ್ಲಿ, ನೀರಿನಲ್ಲಿ ತೊಳೆದು ತೊಳೆದು ತೆಗೆಯಬೇಕು. ಒಂದು ಗ್ರಾಂನಲ್ಲಿ 2,000–3,000 ಚದರ ಮೀಟರ್ ಮೇಲ್ಮೈ ಸಿಗುತ್ತದೆ, ನಿಜ. ಜೊತೆಗೆ ಒಂದಷ್ಟು ಬಕೆಟ್ ಉಪ್ಪುನೀರೂ ಸಿಗುತ್ತದೆ. ಶೀರ್ಷಿಕೆಯಲ್ಲಿ ಕರಟ ಇರುತ್ತದೆ, ಬಕೆಟ್ ಇರುವುದಿಲ್ಲ. ಹಬೆ ಅಥವಾ ಇಂಗಾಲದ ಡೈಆಕ್ಸೈಡ್ ಹಾಯಿಸಿಯೂ ರಂಧ್ರ ಮಾಡಬಹುದು. ಮೇಲ್ಮೈ ಅಷ್ಟು ಬರುವುದಿಲ್ಲ, ಆದರೆ ಬಹುಪಾಲು ಬಳಕೆಗೆ ಅದು ಧಾರಾಳ ಸಾಕು.

ನೀರಿನಲ್ಲಿ ಬೇಯಿಸಿಯೇ ಇದ್ದಿಲು ಮಾಡಬಹುದಂತೆ, ಹೌದಾ?

ಹೌದು. ಗಟ್ಟಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಕಸ ಮತ್ತು ನೀರು ಹಾಕಿ 180–250 ಡಿಗ್ರಿಗೆ ಕೆಲವು ಗಂಟೆ ಕಾಯಿಸಬೇಕು. ಒಳಗಿನ ಒತ್ತಡ 180 ಡಿಗ್ರಿಯಲ್ಲಿ ವಾತಾವರಣದ ಸುಮಾರು 10 ಪಟ್ಟು, 250ರಲ್ಲಿ 40 ಪಟ್ಟು. ಅಷ್ಟು ಬಿಸಿಯಾದ ನೀರಿನ ಸ್ವಭಾವವೇ ಬೇರೆ. ಎಣ್ಣೆಯಂಥ ವಸ್ತುಗಳನ್ನೂ ಕರಗಿಸುತ್ತದೆ, ಸೌಮ್ಯ ಆಮ್ಲದ ಹಾಗೆಯೂ ಕೆಲಸ ಮಾಡುತ್ತದೆ. ಸಕ್ಕರೆ ಸರಪಳಿಗಳು ತುಂಡಾಗಿ, ಅವುಗಳಿಂದ ನೀರಿನ ಅಂಶ ಕಳಚಿ, ಉಳಿದದ್ದು ಮತ್ತೆ ಕೂಡಿಕೊಂಡು ಕಂದು ಪುಡಿಯಾಗುತ್ತದೆ. ಇದಕ್ಕೆ ಹೈಡ್ರೋಚಾರ್ ಅನ್ನುತ್ತಾರೆ.

ಜರ್ಮನಿಯ ಫ್ರೆಡ್ರಿಕ್ ಬರ್ಗಿಯಸ್ 1913ರಲ್ಲೇ ಇದನ್ನು ವಿವರಿಸಿದ್ದರು. ಕಲ್ಲಿದ್ದಲು ನೆಲದೊಳಗೆ ಹೇಗೆ ಆಗುತ್ತದೆ ಅನ್ನುವುದು ಅವರ ಕುತೂಹಲ. ಅಧಿಕ ಒತ್ತಡದ ರಸಾಯನಶಾಸ್ತ್ರಕ್ಕಾಗಿ 1931ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಕಸದ ವಿಷಯ ಮಾತ್ರ ದಶಕಗಟ್ಟಲೆ ಮೂಲೆಯಲ್ಲಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮಾರ್ಕುಸ್ ಆಂಟೊನಿಯೆಟ್ಟಿ, ಮಾರಿಯಾ-ಮಗ್ದಲೇನಾ ಟಿಟಿರಿಚಿ ಮತ್ತವರ ಸಂಗಡಿಗರು ಅದನ್ನು ಮತ್ತೆ ಕೈಗೆತ್ತಿಕೊಂಡರು.

ನನಗೆ ಈ ವಿಧಾನದ ಮೇಲೆ ಸ್ವಲ್ಪ ಒಲವು ಜಾಸ್ತಿ. ಕಾರಣ ಸರಳ: ಹಸಿ ಕಸವನ್ನು ಒಣಗಿಸುವುದೇ ಬೇಡ. ಚರಟ, ಪಾಚಿ, ಕೊಚ್ಚೆಯಂಥವುಗಳಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದನ್ನು ಆವಿ ಮಾಡಲು ಹೋದರೆ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ. ತೊಂದರೆ ಏನೆಂದರೆ, ಪುಡಿ ಸೋಸಿದ ಮೇಲೆ ಉಳಿಯುವ ನೀರಿನಲ್ಲಿ ಫೀನಾಲ್, ಫರ್ಫ್ಯೂರಲ್, ಬಗೆಬಗೆಯ ಆಮ್ಲಗಳು ಇರುತ್ತವೆ. ಅದನ್ನು ಶುದ್ಧ ಮಾಡದೆ ಚರಂಡಿಗೆ ಬಿಡುವ ಹಾಗಿಲ್ಲ.

ಬ್ಯಾಟರಿಗೆ ಇದು ಹೇಗೆ ಬರುತ್ತದೆ?

ಲಿಥಿಯಂ ಬ್ಯಾಟರಿಯ ಒಂದು ತುದಿಯಲ್ಲಿ ಗ್ರಾಫೈಟ್ ಇರುತ್ತದೆ. ಅದರ ಪದರಗಳ ನಡುವೆ ಲಿಥಿಯಂ ಹೋಗಿ ಕೂರುತ್ತದೆ. ಸೋಡಿಯಂ ಅಯಾನು ದೊಡ್ಡದು, ಗ್ರಾಫೈಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಸೋಡಿಯಂ ಬ್ಯಾಟರಿಗೆ ಬೇರೆ ಇಂಗಾಲ ಬೇಕು: ಪದರಗಳು ಓರೆಕೋರೆಯಾಗಿ, ಸ್ವಲ್ಪ ದೂರದೂರವಾಗಿ ಇರುವಂಥದ್ದು. ಇದೇ ಹಾರ್ಡ್ ಕಾರ್ಬನ್. 2000ನೇ ಇಸವಿಯಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಜೆಫ್ ಡಾನ್ ಗ್ಲೂಕೋಸನ್ನು ಸುಟ್ಟು ಮಾಡಿದ ಇಂಗಾಲದಲ್ಲಿ ಪ್ರತಿ ಗ್ರಾಂಗೆ ಸುಮಾರು 300 ಮಿಲಿಆಂಪಿಯರ್-ಗಂಟೆ ಸೋಡಿಯಂ ತುಂಬಬಹುದು ಎಂದು ತೋರಿಸಿದರು. ಲಿಥಿಯಂಗೆ ಗ್ರಾಫೈಟ್ ಕೊಡುವ ಗರಿಷ್ಠ ಲೆಕ್ಕ 372. ಅಂದರೆ ಹತ್ತಿರವೇ.

ಗಿಡದ ಕಸ ಇಲ್ಲಿ ನಿಜಕ್ಕೂ ಹೊಂದುತ್ತದೆ. ಎಷ್ಟು ಕಾಯಿಸಿದರೂ ಅದು ಗ್ರಾಫೈಟಿನ ಹಾಗೆ ಅಚ್ಚುಕಟ್ಟಾಗಿ ಜೋಡಿಕೊಳ್ಳುವುದಿಲ್ಲ. ಬೇರೆ ಕಡೆ ದೋಷ ಅನ್ನಿಸಿಕೊಳ್ಳುವ ಗುಣವೇ ಇಲ್ಲಿ ಬೇಕಾಗಿರುವುದು. ಆದರೆ ಕಸದೊಳಗಿನ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಿಲಿಕಾವನ್ನು (ಮರಳಿನಲ್ಲಿರುವ ವಸ್ತು) ಮೊದಲು ತೊಳೆದು ತೆಗೆಯಬೇಕು. 1,000–1,400 ಡಿಗ್ರಿಗೆ ಕಾಯಿಸಬೇಕು. ನೂರು ಕಿಲೋ ಒಣ ಕಸ ಹಾಕಿದರೆ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಸೂಪರ್‌ಕೆಪಾಸಿಟರ್ (ಬ್ಯಾಟರಿಗಿಂತ ಬೇಗ ತುಂಬಿ ಬೇಗ ಖಾಲಿಯಾಗುವ ವಿದ್ಯುತ್ ಸಂಗ್ರಾಹಕ) ವಿಷಯದಲ್ಲಿ ಕನಸು ಕಾಣುವುದೇನೂ ಬಾಕಿ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಸೂಪರ್‌ಕೆಪಾಸಿಟರ್‌ಗಳೊಳಗೆ ಈಗಾಗಲೇ ಕರಟದ ಇದ್ದಿಲೇ ಇದೆ. ಗಟ್ಟಿ ಚಿಪ್ಪಿನ ಇದ್ದಿಲಿನ ಗುಣ ಬಹಳ ಹಿಂದೆಯೇ ಗೊತ್ತಿತ್ತು. 1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯಲ್ಲಿ, ವಿಷಾನಿಲದ ಮುಖವಾಡಕ್ಕೆ ಬೇಕು ಅಂತ ಅಮೆರಿಕದಲ್ಲಿ ಜನರಿಂದ ಪೀಚ್ ಹಣ್ಣಿನ ಓಟೆ ಸಂಗ್ರಹಿಸಿದ್ದರು.

ನ್ಯಾನೋಸೆಲ್ಯುಲೋಸ್ ಬಗ್ಗೆ ಇಷ್ಟು ಮಾತು ಯಾಕೆ?

ಸೆಲ್ಯುಲೋಸ್ ನಾರನ್ನು ಸೀಳುತ್ತಾ ಹೋದರೆ ಕೊನೆಗೆ ಕೆಲವೇ ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ) ದಪ್ಪದ ಎಳೆಗಳು ಸಿಗುತ್ತವೆ. ಅವುಗಳ ಬಿಗಿತ ಸುಮಾರು 130–150 ಗಿಗಾಪ್ಯಾಸ್ಕಲ್. ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಮೇಲು. ಪಾರದರ್ಶಕ ಹಾಳೆ, ಆಮ್ಲಜನಕ ಒಳಗೆ ಬಿಡದ ಪೊಟ್ಟಣ, ಹಗುರ ಸ್ಪಂಜು, ಗಾಯದ ಪಟ್ಟಿ ಎಲ್ಲವನ್ನೂ ಇದರಿಂದ ಮಾಡಿ ತೋರಿಸಿದ್ದಾರೆ.

ಹಳೆಯ ವಿಧಾನ ಶೇ. 64ರ ಗಂಧಕಾಮ್ಲದಲ್ಲಿ 45 ಡಿಗ್ರಿಯಲ್ಲಿ ನೆನೆಸುವುದು. ಸಡಿಲ ಭಾಗ ಕರಗಿ, ಹರಳಿನಂಥ ಗಟ್ಟಿ ಕಡ್ಡಿಗಳು ಉಳಿಯುತ್ತವೆ. ಆಮ್ಲವನ್ನು ತೊಳೆಯಲು ರಾಶಿ ನೀರು ಬೇಕು. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯ್ ತಂಡ ಇನ್ನೊಂದು ದಾರಿ ಹಿಡಿಯಿತು. ಟೆಂಪೊ ಎಂಬ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಬಳಸಿ ಎಳೆಗಳ ಮೇಲ್ಮೈಗೆ ಋಣ ವಿದ್ಯುದಂಶ ಕೊಟ್ಟರು. ಎಳೆಗಳು ಒಂದನ್ನೊಂದು ತಳ್ಳಿ ತಾವೇ ಬಿಡಿಬಿಡಿಯಾಗಲು ಸಿದ್ಧವಾದವು, ಅರೆಯುವ ಶ್ರಮ ತುಂಬಾ ಇಳಿಯಿತು. ಈ ಕೆಲಸಕ್ಕೆ ಇಸೊಗಾಯ್, ಸೈಟೊ, ನಿಶಿಯಾಮಾ ಅವರಿಗೆ 2015ರ ಮಾರ್ಕುಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು.

ದೊಡ್ಡ ಅಡ್ಡಿ ನೀರು. ಎಳೆಗಳು ನೀರಿನಲ್ಲಿ ಶೇ. 1–2ರಷ್ಟು ಇದ್ದರೂ ಸಾಕು, ಇಡೀ ದ್ರವ ಗಟ್ಟಿ ಜೆಲ್ಲಾಗುತ್ತದೆ. ಒಣಗಿಸಿದರೆ ಎಳೆಗಳು ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಒಣಗಿಸದಿದ್ದರೆ ಲಾರಿಯಲ್ಲಿ ಸಾಗಿಸುವುದು ಬಹುಪಾಲು ನೀರನ್ನೇ.

ಲಿಗ್ನಿನ್ ಯಾಕೆ ಎಲ್ಲರಿಗೂ ತಲೆನೋವು?

ಬಿಡಿಸಲು ಹೋದರೆ ಮತ್ತೆ ಅಂಟಿಕೊಳ್ಳುತ್ತದೆ, ಅದಕ್ಕೆ. ಬಿಸಿ ಮತ್ತು ಆಮ್ಲಕ್ಕೆ ಅದರ ಸುಲಭದ ಕೊಂಡಿಗಳು ಮುರಿಯುತ್ತವೆ, ಆದರೆ ಮುರಿದ ತುದಿಗಳು ತಕ್ಷಣ ಇನ್ನೂ ಗಟ್ಟಿಯಾದ ಕೊಂಡಿ ಹಾಕಿಕೊಳ್ಳುತ್ತವೆ. ಕಾಗದದ ಕಾರ್ಖಾನೆಗಳಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಟನ್ ಲಿಗ್ನಿನ್ ಹೊರಬರುತ್ತದೆ. ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಉರಿದು ಹಬೆಯಾಗುತ್ತದೆ. ಅದನ್ನು ವ್ಯರ್ಥ ಅಂತ ಕರೆಯುವುದೂ ಪೂರ್ತಿ ಸರಿಯಲ್ಲ. ಆ ಹಬೆಯಿಂದಲೇ ಕಾರ್ಖಾನೆ ನಡೆಯುತ್ತದೆ.

ಹೊಸ ಪ್ರಯತ್ನದ ಹೆಸರೇ 'ಲಿಗ್ನಿನ್ ಮೊದಲು'. ಸೆಲ್ಯುಲೋಸಿನ ಕಡೆ ನೋಡುವ ಮುಂಚೆಯೇ, ವೇಗವರ್ಧಕ ಮತ್ತು ಜಲಜನಕದ ಸಹಾಯದಿಂದ ಲಿಗ್ನಿನ್ ತುಂಡುಗಳು ಹೊರಬಂದ ಕ್ಷಣವೇ ಅವುಗಳ ತುದಿಗಳನ್ನು ಮುಚ್ಚಿಬಿಡುವುದು. ಮತ್ತೆ ಅಂಟಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಲಿಗ್ನಿನ್‌ನಿಂದ ಹಳೆಯ ಗೆಲುವೂ ಒಂದಿದೆ: ನಾರ್ವೆಯ ಬೋರೆಗಾರ್ಡ್ ಕಂಪನಿ 1962ರಿಂದ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ ವೆನಿಲಾದ ಪರಿಮಳ ಕೊಡುವ ವೆನಿಲಿನ್ ಮಾಡುತ್ತಿದೆ.

ಜೈವಿಕ ಪ್ಲಾಸ್ಟಿಕ್ ಕಸದಿಂದಲೇ ಬರುತ್ತದಾ? ಮಣ್ಣಲ್ಲಿ ಕರಗುತ್ತದಾ?

ಎರಡಕ್ಕೂ 'ಬಹುಪಾಲು ಇಲ್ಲ' ಅನ್ನಬೇಕು. ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ ಇಂದು ಮುಖ್ಯವಾಗಿ ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಆಗುತ್ತದೆ, ದಂಟಿನಿಂದ ಅಲ್ಲ. ದಂಟಿನಿಂದ ಸಕ್ಕರೆ ತೆಗೆಯಬಹುದು, ಆದರೆ ಕಿಣ್ವ, ಶುದ್ಧೀಕರಣ ಅಂತ ಖರ್ಚು ಏರುತ್ತದೆ. ಪಿಎಲ್‌ಎ ಕೊಳೆಯಲು ಸುಮಾರು 60 ಡಿಗ್ರಿ ಬಿಸಿ ಇರುವ ಕೈಗಾರಿಕಾ ಗೊಬ್ಬರದ ಘಟಕ ಬೇಕು. ಸಮುದ್ರಕ್ಕೆ ಬಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ.

ಪಿಇಎಫ್ ಇಂಥ ಇನ್ನೊಂದು ಪ್ಲಾಸ್ಟಿಕ್. ನೀರಿನ ಬಾಟಲಿಯ ಪಿಇಟಿಗೆ ಹತ್ತಿರದ ಸಂಬಂಧಿ, ಅನಿಲಗಳನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ನೆದರ್ಲೆಂಡ್ಸ್‌ನ ಅವಾಂಟಿಯಂ ಕಂಪನಿ ಇದರ ಹಿಂದೆ ವರ್ಷಗಳಿಂದ ಬಿದ್ದಿದೆ. ಅಲ್ಲೂ ಮೊದಲು ಬೇಕಾದದ್ದು ಸಕ್ಕರೆಯೇ.

ಅಪ್ಪಟ ಕಸದಿಂದ ಬರುವ, ಯಾರೂ ಹೊಗಳದ ರಾಸಾಯನಿಕ ಅಂದರೆ ಫರ್ಫ್ಯೂರಲ್. 1920ರ ದಶಕದಲ್ಲೇ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಸಿಪ್ಪೆಯಿಂದ ಅದನ್ನು ಕಾರ್ಖಾನೆ ಮಟ್ಟದಲ್ಲಿ ಮಾಡಿತ್ತು. ಇಂದಿಗೂ ಅದರಿಂದ ಬರುವ ಅಂಟು ಲೋಹದ ಎರಕದ ಅಚ್ಚುಗಳಲ್ಲಿ ಬಳಕೆಯಲ್ಲಿದೆ.

ಭತ್ತದ ಹೊಟ್ಟಿನ ವಿಶೇಷ ಏನು?

ಬೂದಿ. ಹೊಟ್ಟು ಸುಟ್ಟರೆ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಅದರಲ್ಲಿ ಶೇ. 85ಕ್ಕಿಂತ ಹೆಚ್ಚು ಸಿಲಿಕಾ. ಸುಮಾರು 700 ಡಿಗ್ರಿ ದಾಟದ ಹಾಗೆ ಸುಟ್ಟರೆ ಅದು ಹರಳುಗಟ್ಟದೆ, ಚುರುಕಾಗಿ ಪ್ರತಿಕ್ರಿಯಿಸುವ ರೂಪದಲ್ಲಿರುತ್ತದೆ. ಟೈರಿಗೆ, ಸಿಮೆಂಟಿಗೆ ಅದು ಸರಿ. ಗುಡ್‌ಇಯರ್ ಕಂಪನಿ ಟೈರುಗಳಲ್ಲಿ ಈ ಸಿಲಿಕಾ ಬಳಸುತ್ತದೆ. ಜಾಸ್ತಿ ಬಿಸಿಯಾದರೆ ಹರಳಾಗುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಅಪಾಯ.

ಬೂದಿಯ ಸಿಲಿಕಾವನ್ನೇ ಮೆಗ್ನೀಸಿಯಂ ಜೊತೆ ಕಾಯಿಸಿ ಸಿಲಿಕಾನ್ ಮಾಡಿ ಬ್ಯಾಟರಿಗೆ ಹಾಕುವ ಪ್ರಯೋಗಗಳೂ ಇವೆ. ಸಿಲಿಕಾನ್ ತೂಕಕ್ಕೆ ಗ್ರಾಫೈಟಿನ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯುತ್ತದೆ. ಆದರೆ ಮೆಗ್ನೀಸಿಯಂ ಲೋಹ ತಯಾರಿಸಲು ಖರ್ಚಾಗುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದರೆ ಹಸಿರು ಸ್ವಲ್ಪ ಮಾಸುತ್ತದೆ.

ಸಿಗಡಿ ಚಿಪ್ಪಿನ ಕಥೆ?

ಕೈಟಿನ್ ಎಂಬ ಸರಪಳಿ ಅದರಲ್ಲಿದೆ, ಸೆಲ್ಯುಲೋಸಿನ ಸಾರಜನಕ ಇರುವ ಸೋದರ. ಈಗಿನ ವಿಧಾನದಲ್ಲಿ ಸುಣ್ಣ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ, ಪ್ರೋಟೀನ್ ತೆಗೆಯಲು ಕಾಸ್ಟಿಕ್ ಸೋಡಾ, ಕೈಟಿನನ್ನು ಕೈಟೊಸಾನ್ (ಬ್ಯಾಂಡೇಜಿಗೆ ಬಳಸುವ ರೂಪ) ಮಾಡಲು ಶೇ. 40–50ರ ಕಾಸ್ಟಿಕ್ ಸೋಡಾ. ಪ್ರಕೃತಿ ಕೊಟ್ಟದ್ದಕ್ಕೆ ಇಷ್ಟು ಉಗ್ರ ಉಪಚಾರ! ಸಿಂಗಪುರದ ಯಾನ್ ನಿಂಗ್ ಮತ್ತು ಚೆನ್ ಶಿ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರ್ಷಕ್ಕೆ 60–80 ಲಕ್ಷ ಟನ್ ಚಿಪ್ಪು ಹೀಗೆ ಬಿದ್ದಿರುತ್ತದೆ ಎಂದು ಬರೆದು, ಬೇರೆ ದಾರಿ ಬೇಕು ಎಂದರು. ಗುಂಡುಗಳಿರುವ ಡಬ್ಬಿಯಲ್ಲಿ ಒಣದಾಗಿಯೇ ಅರೆದು ರಾಸಾಯನಿಕ ಕ್ರಿಯೆ ನಡೆಸುವುದು ಅಂಥ ಒಂದು ದಾರಿ.

'ಹಸಿರು ದ್ರಾವಕ'ಗಳನ್ನು ನಂಬಬಹುದಾ?

ಕೆಲವನ್ನು. 2003ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಆಬಟ್ ತಂಡ ಕೋಲಿನ್ ಕ್ಲೋರೈಡ್ ಮತ್ತು ಯೂರಿಯಾವನ್ನು 1:2ರಲ್ಲಿ ಬೆರೆಸಿತು. ಒಂದರ ಕರಗುವ ಬಿಂದು 302 ಡಿಗ್ರಿ, ಇನ್ನೊಂದರದ್ದು 133. ಬೆರಕೆಯದ್ದು ಬರೀ 12 ಡಿಗ್ರಿ! ಎರಡೂ ಪುಡಿ, ಸೇರಿದರೆ ದ್ರವ. ಇಂಥ ಮಿಶ್ರಣಗಳಲ್ಲಿ ಕೆಲವು ಲಿಗ್ನಿನನ್ನು ಚೆನ್ನಾಗಿ ಕರಗಿಸುತ್ತವೆ. ಆವಿಯಾಗುವುದಿಲ್ಲ, ಹೊತ್ತಿಕೊಳ್ಳುವುದು ಕಷ್ಟ. ಆದರೆ ಆವಿಯಾಗದ್ದನ್ನು ಬಟ್ಟಿ ಇಳಿಸಿ ವಾಪಸ್ ಪಡೆಯುವುದೂ ಆಗುವುದಿಲ್ಲ. ನೀರು ಹಾಕಿ ಬೇರ್ಪಡಿಸಿ, ಆಮೇಲೆ ಆ ನೀರನ್ನು ಆವಿ ಮಾಡಬೇಕು. ಎಷ್ಟು ಸಲ ಮರುಬಳಕೆ ಮಾಡಿದರು ಅಂತ ಕೇಳಿ. ಆ ಅಂಕಿ ಇಲ್ಲದಿದ್ದರೆ 'ಹಸಿರು' ಅನ್ನುವುದು ಸುಮ್ನೆ ಮಾತು.

ಪ್ರಯೋಗಾಲಯದಲ್ಲಿ ಆದದ್ದು ಕಾರ್ಖಾನೆಗೆ ಯಾಕೆ ಬರುವುದಿಲ್ಲ?

ಕಸ ಒಂದೇ ಥರ ಇರುವುದಿಲ್ಲ. ಈ ಸುಗ್ಗಿಯದ್ದು ಬೇರೆ, ಮುಂದಿನದ್ದು ಬೇರೆ. ಮಣ್ಣು, ಕಲ್ಲು ಸೇರಿರುತ್ತದೆ. ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ, ಕೂಡಿಟ್ಟರೆ ಕೊಳೆಯುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ. ಸಡಿಲ ಹುಲ್ಲು ಒಂದು ಘನ ಮೀಟರಿಗೆ ನೂರು ಕಿಲೋ ಕೂಡ ತೂಗುವುದಿಲ್ಲ, ಲಾರಿ ತುಂಬಿದರೂ ಭಾರವೇ ಇರುವುದಿಲ್ಲ. ಎಲ್ಲ ಹೊಲಗಳಲ್ಲಿ ಚೆದುರಿರುತ್ತದೆ. ಹಾಗಾಗಿ ಗೆದ್ದ ಉದಾಹರಣೆಗಳನ್ನು ನೋಡಿದರೆ ಕಸ ಮೊದಲೇ ಒಂದು ಕಡೆ ರಾಶಿ ಬಿದ್ದಿರುತ್ತದೆ: ಅಕ್ಕಿ ಗಿರಣಿ, ಕಾಗದದ ಕಾರ್ಖಾನೆ, ಓಟ್ಸ್ ಗಿರಣಿ. ರಸಾಯನಶಾಸ್ತ್ರಕ್ಕಿಂತ ಸಾಗಾಟವೇ ಇಲ್ಲಿ ತೀರ್ಪು ಕೊಡುತ್ತದೆ.

ಹೊಲದಿಂದ ಎಲ್ಲವನ್ನೂ ಎತ್ತಿದರೆ ಮಣ್ಣಿನ ಗತಿ?

ಎಲ್ಲವನ್ನೂ ಎತ್ತಬಾರದು. ದಂಟು, ಹುಲ್ಲಿನಲ್ಲಿ ಪೊಟ್ಯಾಸಿಯಂ ಇದೆ, ಮಣ್ಣಿಗೆ ಬೇಕಾದ ಇಂಗಾಲ ಇದೆ, ಮಳೆಯಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯುವ ಹೊದಿಕೆಯೂ ಅದೇ. ಎಷ್ಟು ಬಿಡಬೇಕು ಅನ್ನುವುದು ಆ ಮಣ್ಣು, ಇಳಿಜಾರು, ಬೆಳೆಯ ಮೇಲೆ ನಿಂತಿದೆ. ಗಿರಣಿಯ ಹೊಟ್ಟಿಗೆ ಈ ಚಿಂತೆ ಕಡಿಮೆ.

ಒಂದು ಸಂಶೋಧನೆಯ ಸುದ್ದಿ ಓದುವಾಗ ಏನನ್ನು ಗಮನಿಸಬೇಕು?

ಮೊದಲು ಇಳುವರಿ: ಎಷ್ಟು ಕಸ ಹಾಕಿ ಎಷ್ಟು ಸರಕು ಬಂತು. ಹಣ್ಣಿನ ರಸದಿಂದ ಹೊಳೆಯುವ ಕಾರ್ಬನ್ ಚುಕ್ಕೆ (ಕೆಲವೇ ನ್ಯಾನೋಮೀಟರ್ ಗಾತ್ರದ ಇಂಗಾಲದ ಕಣ) ಮಾಡಿದೆವು ಅನ್ನುವ ಪ್ರಬಂಧಗಳಲ್ಲಿ ಈ ಅಂಕಿ ಎಷ್ಟೋ ಸಲ ಕಾಣುವುದೇ ಇಲ್ಲ. ಆಮೇಲೆ ಕಾವು ಎಷ್ಟು, ಎಷ್ಟು ಹೊತ್ತು, ತೊಳೆದ ನೀರು ಎಲ್ಲಿಗೆ ಹೋಯಿತು. ಇನ್ನೊಂದನ್ನು ನಾನು ತಪ್ಪದೆ ನೋಡುತ್ತೇನೆ: ಹೋಲಿಕೆ ಯಾವುದರ ಜೊತೆ? ಈಗ ಮಾರುಕಟ್ಟೆಯಲ್ಲಿರುವ ಒಳ್ಳೆಯ ವಸ್ತುವಿನ ಜೊತೆ ಹೋಲಿಸಿದರೆ ನಂಬಿಕೆ ಬರುತ್ತದೆ. ತಮ್ಮದೇ ಹಳೆಯ ಮಾದರಿಯ ಜೊತೆ ಮಾತ್ರ ಹೋಲಿಸಿದ್ದರೆ ಸ್ವಲ್ಪ ಕಾಯುವುದು ಒಳ್ಳೆಯದು.

ಮನೆಯಲ್ಲಿ ಮಾಡಿ ನೋಡಬಹುದಾ?

ಬಿಸಿನೀರಿನ ಇದ್ದಿಲನ್ನು ಕುಕ್ಕರಿನಲ್ಲಿ ಮಾಡಲು ಹೋಗಬೇಡಿ. ಕುಕ್ಕರ್ ತಲುಪುವುದು ಸುಮಾರು 120 ಡಿಗ್ರಿ, ಅದಕ್ಕಿಂತ ಜಾಸ್ತಿ ಒತ್ತಡಕ್ಕೆ ಅದು ಸಿಡಿಯಬಹುದು. ಕಾಸ್ಟಿಕ್, ಗಂಧಕಾಮ್ಲದ ಕೆಲಸವೂ ಬೇಡ.

ಕಾಗದ ಮಾಡಬಹುದು. ಕತ್ತರಿಸಿದ ಹುಲ್ಲನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ತೆರೆದ ಸ್ಟೀಲ್ ಪಾತ್ರೆಯಲ್ಲಿ ಎರಡು ಮೂರು ಗಂಟೆ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ನೀರು ಕಡು ಕಂದಾದರೆ ಲಿಗ್ನಿನ್, ಹೆಮಿಸೆಲ್ಯುಲೋಸಿನ ಒಂದು ಪಾಲು ಕರಗಿ ಬಂದಿದೆ ಅಂತ ಅರ್ಥ. ಮೆತ್ತಗಾದ ನಾರನ್ನು ಚೆನ್ನಾಗಿ ತೊಳೆದು, ಜಜ್ಜಿ, ಜಾಲರಿಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಆ ಕಂದು ನೀರನ್ನು ಗಿಡಗಳಿಗೆ ಹಾಕಬೇಡಿ, ಕ್ಷಾರ ಜಾಸ್ತಿ ಇರುತ್ತದೆ. ವಿನೆಗರ್ ಹಾಕಿ ನೊರೆ ಬರುವುದು ನಿಂತ ಮೇಲೆ ಚೆಲ್ಲಿ.